ಹಿತ್ತಿಲ ಕಾಟ, ಹಿತ್ತಿಲ ಅಪಾಯ



ನಿಮ್ಮ ಮನೆ ಹಿಂದೆ ಹಿತ್ತಿಲು ಇದೆಯಾ? ಹಿತ್ತಿಲು ಅಂದರೆ ದೊಡ್ಡ ಜಾಗವೇ ಆಗಬೇಕು ಅಂತಿಲ್ಲ. ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ, ಗೋಡೆ ಪಕ್ಕ ಒಂದು ಬಸಳೆ ಬಳ್ಳಿ, ಒಡೆದ ಬಕೆಟ್ಟಿನಲ್ಲಿ ಎರಡು ಮೆಣಸಿನ ಗಿಡ. ಇಷ್ಟಿದ್ದರೂ ಸಾಕು. ಅದು ನಿಮ್ಮ ಕೈತೋಟ.

ಕೈತೋಟ ಇರುವ ಮನೆಯಲ್ಲಿ ಸಾರಿಗೆ ಸೊಪ್ಪು ಬೇಕಾದರೆ ಸಂತೆ ದಿನ ಕಾಯಬೇಕಾಗಿಲ್ಲ. ಈ ಲಾಭ ನಿಮಗೆ ಗೊತ್ತೇ ಇದೆ. ಅದನ್ನು ಹೇಳೋಕೆ ನಾನು ಈ ಪಾಠ ಬರೆಯುತ್ತಿಲ್ಲ. ಕೈತೋಟದ ಗೋಳು ಹೇಳೋಕೆ ಬರೆಯುತ್ತಿದ್ದೇನೆ.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಕರಿ ಹಲಗೆ ಮೇಲೆ "ಕೈತೋಟ" ಅಂತ ಬರೆದೆ. "ಇದರಲ್ಲಿ ನಿಮಗೆ ಏನು ತೊಂದರೆ? ಒಬ್ಬೊಬ್ಬರು ಒಂದೊಂದು ಹೇಳಿ" ಅಂದೆ. ಅಷ್ಟೇ ಸಾಕಾಯಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಏನ್ ಹೇಳೋದು ಟೀಚರಮ್ಮ? ಸೊಪ್ಪಿನ ಬೀಜ ಚೆಲ್ಲಿ ಮೂರು ದಿನ ಆಗಿರಲ್ಲ. ಪಕ್ಕದ ಮನೆ ಕೋಳಿ ಬಂದು ಕೆದಕಿ ಹಾಕ್ತವೆ."

"ನಮ್ಮನೇಲಿ ಬಸವನಹುಳದ ಕಾಟ. ರಾತ್ರಿ ನೋಡಿದ ಎಲೆ ಬೆಳಗ್ಗೆ ಇರಲ್ಲ."

"ನಮ್ಮ ಕುಂಬಳದ ಬಳ್ಳಿ ಬೇಲಿ ತುಂಬ ಹಬ್ಬಿದೆ. ಹೂವು ಬಿಡ್ತದೆ, ಉದುರ್ತದೆ. ಒಂದು ಕಾಯಿ ಇಲ್ಲ. ಯಾರದೋ ಕಣ್ಣು ಬಿದ್ದಿದೆ."

"ಪರಂಗಿ ಹಣ್ಣು ಆಗೋದನ್ನೇ ಕೋತಿ ಕಾಯ್ತಾ ಕೂತಿರ್ತದೆ."

ನಾನು ಎಲ್ಲವನ್ನೂ ಬರೆದೆ. ಕೋಳಿ, ಬಸವನಹುಳು, ಹೇನು, ಕೋತಿ, ಹೆಗ್ಗಣ. ಹಲಗೆ ತುಂಬಿತು.

ಮೂಲೆಯಲ್ಲಿ ಒಬ್ಬ ಅಕ್ಕ ಸುಮ್ಮನೆ ಕೂತಿದ್ದರು. "ನೀವೂ ಒಂದು ಹೇಳಿ ಅಕ್ಕಾ" ಅಂದೆ. ಅವರು ಮೆಲ್ಲಗೆ ಹೇಳಿದರು: "ಬಾಟ್ಲಿ ಅಂತ ಬರೀರಿ ಟೀಚರಮ್ಮ."

ಗಲಾಟೆ ನಿಂತುಹೋಯಿತು. ಆ ಬಾಟ್ಲಿ ಯಾವುದು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಕಥೆಯನ್ನು ಈ ಪಾಠದ ಕೊನೆಯಲ್ಲಿ ಹೇಳುತ್ತೇನೆ.

ನಾನು ಹಲಗೆಯ ನಡುವೆ ಒಂದು ಗೆರೆ ಎಳೆದೆ. ಎಡಗಡೆ "ಕಾಟ" ಅಂತ ಬರೆದೆ. ಬಲಗಡೆ "ಅಪಾಯ" ಅಂತ ಬರೆದೆ. ಕೋಳಿ, ಹುಳು, ಕೋತಿ ಎಲ್ಲ ಎಡಗಡೆ ಹೋದವು. ಬಲಗಡೆ ಒಂದೇ ಪದ ಇತ್ತು: ಬಾಟ್ಲಿ. ಬಲಗಡೆ ಇನ್ನೂ ಏನೇನು ಬರಬೇಕು ಅಂತ ಎಲ್ಲರೂ ಕೂತು ಯೋಚನೆ ಮಾಡಿದೆವು.

ಆಗ ನಮಗೆ ಒಂದು ವಿಷಯ ಗೊತ್ತಾಯಿತು. ನಾವು ಕಾಟಕ್ಕೆ ಸಿಟ್ಟಾಗುತ್ತೇವೆ, ಕೂಗಾಡುತ್ತೇವೆ. ಅಪಾಯ ಮಾತ್ರ ಕಾಲ ಬುಡದಲ್ಲೇ ಇದ್ದರೂ ಅಸಡ್ಡೆ ಮಾಡುತ್ತೇವೆ. ಕಾಟ ನಮ್ಮ ಸೊಪ್ಪು ತಿನ್ನುತ್ತದೆ, ಅಷ್ಟೇ. ಅಪಾಯ ನಮ್ಮ ಜೀವಕ್ಕೇ ಬರುತ್ತದೆ.

ಮೊದಲು ಕಾಟಗಳನ್ನು ನೋಡೋಣ.

ಕೋಳಿ ಕಾಟ

ಸೊಪ್ಪು ಚೆಲ್ಲಿದ ಮಡಿಯ ಮೇಲೆ ಮುಳ್ಳಿನ ಕೊಂಬೆ ಹರಡಿ. ಇಲ್ಲದಿದ್ದರೆ ಹಳೆಯ ಸೊಳ್ಳೆ ಪರದೆ ಹಾಸಿ, ಸುತ್ತ ಕಲ್ಲು ಇಡಿ. ಸಸಿ ಒಂದು ಗೇಣು ಬೆಳೆದ ಮೇಲೆ ತೆಗೆಯಿರಿ. ಪಕ್ಕದ ಮನೆಯವರ ಹತ್ತಿರ ಜಗಳಕ್ಕೆ ಹೋಗಬೇಡಿ. "ಎರಡು ವಾರ ಕೋಳಿ ಕೂಡಿ ಹಾಕಕ್ಕಾ, ಸೊಪ್ಪು ಬಂದ ಮೇಲೆ ನಿನಗೂ ಒಂದು ಕಟ್ಟು ಕೊಡ್ತೀನಿ" ಅನ್ನಿ. ನಮ್ಮ ಬೀದಿಯಲ್ಲಿ ಎರಡು ಮನೆ ಹೀಗೇ ರಾಜಿ ಆದವು.

ಬಸವನಹುಳು

ಮಳೆಗಾಲದಲ್ಲಿ ಇದರ ಕಾಟ ಜಾಸ್ತಿ. ಕೆಲವು ಕಡೆ ಅಂಗೈ ತುಂಬುವಷ್ಟು ದೊಡ್ಡ ಬಸವನಹುಳು ಬರುತ್ತದೆ. ಅದು ಆಫ್ರಿಕಾದಿಂದ ಬಂದ ಜಾತಿ. ಹಗಲು ತೇವದ ಜಾಗದಲ್ಲಿ ಅಡಗುತ್ತದೆ. ರಾತ್ರಿ ಬಂದು ತಿನ್ನುತ್ತದೆ.

ಒಂದು ಗೋಣಿಚೀಲ ಒದ್ದೆ ಮಾಡಿ. ಸಂಜೆ ಗಿಡದ ಹತ್ತಿರ ಹಾಸಿ. ಅದರ ಕೆಳಗೆ ಪರಂಗಿ ಎಲೆ ಅಥವಾ ಎಲೆಕೋಸಿನ ಎಲೆ ಇಡಿ. ಬೆಳಗ್ಗೆ ಚೀಲ ಎತ್ತಿ ನೋಡಿ. ಹುಳುಗಳು ಅಲ್ಲೇ ಸೇರಿರುತ್ತವೆ. ಅವನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಸತ್ತ ಮೇಲೆ ಗುಂಡಿ ತೋಡಿ ಮುಚ್ಚಿ. ಆದರೆ ಮಣ್ಣಿನ ಮೇಲೆ ಉಪ್ಪು ಚೆಲ್ಲಬೇಡಿ. ಉಪ್ಪು ಬಿದ್ದ ಮಣ್ಣಲ್ಲಿ ಗಿಡ ಬರುವುದಿಲ್ಲ.

ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಈ ಹುಳದ ಮೈಯಲ್ಲಿ ಮಿದುಳಿಗೆ ರೋಗ ತರುವ ಸಣ್ಣ ಜಂತು ಇರಬಹುದು. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸೊಪ್ಪನ್ನೂ ಎರಡು ಮೂರು ನೀರಲ್ಲಿ ತೊಳೆದೇ ಬೇಯಿಸಿ.

ಹೇನು ಮತ್ತು ಹುಳು

ಅವರೆಯ ಕುಡಿಯಲ್ಲಿ ಕಪ್ಪು ಹೇನು ಮುತ್ತುತ್ತದೆ. ಮೊದಲು ಜೋರಾಗಿ ನೀರು ಎರಚಿ ತೊಳೆಯಿರಿ. ಬೆಳಗ್ಗೆ ಇಬ್ಬನಿ ಇರುವಾಗ ಒಲೆಯ ಬೂದಿ ಉದುರಿಸಿ. ಜಾಸ್ತಿ ಮುತ್ತಿದ ಕುಡಿಯನ್ನು ಚಿವುಟಿ ತೆಗೆಯಿರಿ.

ಹೇನಿನ ನಡುವೆ ಕೆಂಪು ಮೈ, ಕಪ್ಪು ಚುಕ್ಕೆಯ ಸಣ್ಣ ಹುಳು ಕಂಡರೆ ಕೊಲ್ಲಬೇಡಿ. ಅದು ಗುಲಗಂಜಿ ಹುಳು. ಅದು ಹೇನನ್ನು ತಿನ್ನುತ್ತದೆ. ಕೂಲಿ ಕೇಳದೆ ನಮ್ಮ ಕೆಲಸ ಮಾಡಿಕೊಡುತ್ತದೆ.

ಇಷ್ಟಕ್ಕೂ ಹೋಗದಿದ್ದರೆ ಬೇವಿನ ಕಷಾಯ ಮಾಡಿ. ಒಣಗಿದ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಪುಡಿ ಮಾಡಿ. ಬಟ್ಟೆಯಲ್ಲಿ ಕಟ್ಟಿ 1 ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಚೆನ್ನಾಗಿ ಹಿಂಡಿ, ಸೋಸಿ. ಸ್ವಲ್ಪ ಸೋಪಿನ ನೀರು ಸೇರಿಸಿ. ಅದೇ ದಿನ ಸಂಜೆ ಎಲೆಯ ಮೇಲೂ ಎಲೆಯ ಕೆಳಗೂ ಸಿಂಪಡಿಸಿ. ಇದನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ.

ಹೂವು ಉದುರುವುದು

ಕುಂಬಳ, ಸೋರೆ, ಹೀರೆ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ನಾಳೆ ಬೆಳಗ್ಗೆ ಹೋಗಿ ನೋಡಿ. ಹೂವಿನ ಹಿಂದೆ ಪುಟ್ಟ ಕಾಯಿಯಂಥ ಗಂಟು ಇದ್ದರೆ ಅದು ಹೆಣ್ಣು ಹೂವು. ಬರೀ ತೊಟ್ಟು ಇದ್ದರೆ ಗಂಡು ಹೂವು. ಮೊದಮೊದಲು ಗಂಡು ಹೂವೇ ಜಾಸ್ತಿ. ಅವು ಉದುರಲೇಬೇಕು. ಅದು ಯಾರ ಕಣ್ಣೂ ಅಲ್ಲ.

ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಸೇರಿದರೆ ಕಾಯಿ ಕಟ್ಟುತ್ತದೆ. ಆ ಪುಡಿಯನ್ನು ಹೊತ್ತು ತರುವುದು ಜೇನುಹುಳು. ಜೇನು ಬರದಿದ್ದರೆ ನೀವೇ ಆ ಕೆಲಸ ಮಾಡಬಹುದು. ಕುಂಬಳದ ಗಂಡು ಹೂವು ಕಿತ್ತು, ಎಸಳು ತೆಗೆಯಿರಿ. ಒಳಗಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿ. ಬೆಳಗ್ಗೆ ಬೇಗ ಮಾಡಬೇಕು.

ಒಂದು ಮಾತು ನೆನಪಿಡಿ. ವಿಷದ ಔಷಧಿ ಹೊಡೆದರೆ ಹೇನಿನ ಜೊತೆ ಗುಲಗಂಜಿ ಹುಳುವೂ ಸಾಯುತ್ತದೆ, ಜೇನೂ ಸಾಯುತ್ತದೆ. ಆಮೇಲೆ ಹೇನು ಮತ್ತೆ ಬರುತ್ತದೆ. ಕಾಯಿ ಮಾತ್ರ ಕಟ್ಟುವುದಿಲ್ಲ.

ಕೋತಿ

ಕೋತಿಗೆ ಪೂರ್ತಿ ಉಪಾಯ ನನಗೂ ಗೊತ್ತಿಲ್ಲ. ಹಣ್ಣು ಬಲಿತ ಕೂಡಲೇ ಕಿತ್ತು ಒಳಗೆ ಹಣ್ಣಿಗೆ ಹಾಕಿ. ಅರಿಶಿನ, ಶುಂಠಿ, ಮೆಣಸಿನಕಾಯಿ ತಂಟೆಗೆ ಕೋತಿ ಅಷ್ಟಾಗಿ ಬರುವುದಿಲ್ಲ. ಮಕ್ಕಳನ್ನು ಮಾತ್ರ ಕೋತಿ ಓಡಿಸೋಕೆ ಕಳಿಸಬೇಡಿ. ಕೋತಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಆಮೇಲೆ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಅಂತ ತಿಳಿಯಬೇಡಿ.

ಇಲ್ಲಿಗೆ ಕಾಟ ಮುಗಿಯಿತು. ಈಗ ಗೆರೆಯ ಬಲಗಡೆಗೆ ಬರೋಣ.

ಅಪಾಯ 1: ಬರಿಗಾಲು

ನಾವು ಹಿತ್ತಿಲಿಗೆ ಬರಿಗಾಲಲ್ಲೇ ಹೋಗುತ್ತೇವೆ. "ಎರಡು ಹೆಜ್ಜೆ ತಾನೇ" ಅನ್ನುತ್ತೇವೆ. ನನಗೂ ಇದೇ ಅಭ್ಯಾಸ ಇತ್ತು. ಒಂದು ದಿನ ಗುದ್ದಲಿ ಜಾರಿ ನನ್ನ ಕಾಲಿನ ಹೆಬ್ಬೆರಳಿಗೆ ಬಿತ್ತು. ರಕ್ತ ಬಂತು. ಕಾಫಿ ಪುಡಿ ಮೆತ್ತಿ, ಬಟ್ಟೆ ಕಟ್ಟಿ ಶಾಲೆಗೆ ಹೋದೆ. ಮಾರನೇ ದಿನ ಬೆರಳು ಊದಿತು. ಆಸ್ಪತ್ರೆಯಲ್ಲಿ ನರ್ಸ್ ಬೈದರು. "ಟೀಚರ್ ಆಗಿ ನೀವೇ ಹೀಗೆ ಮಾಡಿದರೆ ಹೇಗೆ?" ಅಂದರು. ನನಗೆ ನಾಚಿಕೆ ಆಯಿತು.

ಮಣ್ಣಲ್ಲಿ, ಸಗಣಿಯಲ್ಲಿ ಧನುರ್ವಾಯು ತರುವ ರೋಗಾಣು ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಗಾಯದ ಮೂಲಕ ಒಳಗೆ ಸೇರುತ್ತದೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಧನುರ್ವಾಯು ಬರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಅದು ತಪ್ಪು. ಮುಳ್ಳು ಚುಚ್ಚಿದರೂ ಬರಬಹುದು. ದವಡೆ ಕಚ್ಚಿಕೊಳ್ಳುತ್ತದೆ. ಮೈ ಬಿಲ್ಲಿನ ಹಾಗೆ ಬಾಗುತ್ತದೆ. ಜೀವಕ್ಕೇ ಅಪಾಯ.

ಗಾಯ ಆದರೆ ಸೋಪು, ಶುದ್ಧ ನೀರಲ್ಲಿ ತೊಳೆಯಿರಿ. ಸಗಣಿ, ಮಣ್ಣು, ಸುಣ್ಣ, ಕಾಫಿ ಪುಡಿ ಮೆತ್ತಬೇಡಿ. ಆಸ್ಪತ್ರೆಗೆ ಹೋಗಿ ಧನುರ್ವಾಯು ಇಂಜೆಕ್ಷನ್ ಬೇಕಾ ಅಂತ ಕೇಳಿ. ಮೊದಲು ಇದನ್ನು ಟಿ.ಟಿ. ಅನ್ನುತ್ತಿದ್ದರು. ಈಗ ಟಿ.ಡಿ. ಎಂಬುದನ್ನು ಕೊಡುತ್ತಾರೆ. "ಬಸುರಿ ಇದ್ದಾಗ ಹಾಕಿಸಿಕೊಂಡಿದ್ದೆ" ಅಂತ ಸುಮ್ಮನಿರಬೇಡಿ. ವರ್ಷ ಕಳೆದ ಹಾಗೆ ಅದರ ಶಕ್ತಿ ಕಡಿಮೆ ಆಗುತ್ತದೆ.

ಬರಿಗಾಲಿಗೆ ಇನ್ನೊಂದು ಅಪಾಯ ಇದೆ. ಅದು ಕೊಕ್ಕೆಹುಳು. ಬಯಲಲ್ಲಿ ಮಲ ಬಿದ್ದ ತೇವದ ಮಣ್ಣಲ್ಲಿ ಇದರ ಮರಿಗಳು ಇರುತ್ತವೆ. ಅವು ಪಾದದ ಚರ್ಮ ಕೊರೆದು ಒಳಗೆ ಹೋಗುತ್ತವೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಎದ್ದರೆ ಸುಸ್ತು, ಕೂತರೆ ಸುಸ್ತು. "ಕೆಲಸ ಜಾಸ್ತಿ, ಅದಕ್ಕೆ" ಅಂದುಕೊಳ್ಳುತ್ತೇವೆ. ಕೆಲವರಿಗೆ ರಕ್ತ ಕಡಿಮೆಯಾಗಿ ಹೀಗೆ ಆಗುತ್ತದೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಜಂತುಹುಳುವಿಗೆ ಮಾತ್ರೆ ಇದೆ. 2015ರಿಂದ ಫೆಬ್ರವರಿ 10ರಂದು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಈ ಮಾತ್ರೆ ಕೊಡುತ್ತಾರೆ. ನಿಮ್ಮ ಮಕ್ಕಳಿಗೆ ತಪ್ಪಿಸಬೇಡಿ.

ಹಿತ್ತಿಲ ಬಾಗಿಲಲ್ಲಿ ಒಂದು ಜೊತೆ ಹಳೆಯ ಚಪ್ಪಲಿ ಇಡಿ. ಅದು ಹಿತ್ತಿಲ ಚಪ್ಪಲಿ. ಅದಿಲ್ಲದೆ ಇಳಿಯಬೇಡಿ.

ಅಪಾಯ 2: ಹಾವು

ಹಾವು ನಮ್ಮನ್ನು ಹುಡುಕಿ ಬರುವುದಿಲ್ಲ. ಇಲಿ, ಕಪ್ಪೆ ಹುಡುಕಿ ಬರುತ್ತದೆ. ಸೌದೆ ರಾಶಿ, ಕಲ್ಲು ರಾಶಿ, ಒಣ ಎಲೆ, ಕೋಳಿಗೂಡು ಇರುವ ಕಡೆ ಅಡಗುತ್ತದೆ. ಸೌದೆ ರಾಶಿಯನ್ನು ಮನೆ ಗೋಡೆಯಿಂದ ದೂರ ಇಡಿ. ಸೌದೆ ಎಳೆಯುವ ಮೊದಲು ಕೋಲಿಂದ ತಟ್ಟಿ. ಪೊದೆಗೆ ಕೈ ಹಾಕುವ ಮೊದಲು ಕೋಲು ಹಾಕಿ. ರಾತ್ರಿ ಹೊರಗೆ ಹೋದರೆ ಟಾರ್ಚ್ ಹಿಡಿಯಿರಿ. ಮೊಬೈಲಿನ ಬೆಳಕಾದರೂ ಸರಿ.

ನಮ್ಮ ಕಡೆ ಮುಖ್ಯವಾಗಿ ನಾಲ್ಕು ವಿಷದ ಹಾವುಗಳಿಂದ ಸಾವು ಆಗುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೇರೆಹಾವಿಗೆ ವಿಷ ಇಲ್ಲ. ಅದು ಇಲಿ ತಿಂದು ನಮಗೆ ಉಪಕಾರ ಮಾಡುತ್ತದೆ. ಕಟ್ಟುಹಾವು ರಾತ್ರಿ ಓಡಾಡುತ್ತದೆ. ಅದು ಕಚ್ಚಿದರೆ ನೋವೇ ಗೊತ್ತಾಗದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು, ಕಣ್ಣಿನ ರೆಪ್ಪೆ ಜೋತು ಬಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾವು ಕಚ್ಚಿದರೆ ಏನು ಮಾಡಬೇಕು?

ಗಾಬರಿ ಆಗಬೇಡಿ. ಓಡಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡಿಸಬೇಡಿ. ಬಳೆ, ಉಂಗುರ, ಕಾಲ್ಗೆಜ್ಜೆ, ಕಾಲುಂಗುರ ತೆಗೆಯಿರಿ. ಬಾವು ಬಂದರೆ ಅವು ಬಿಗಿದು ರಕ್ತ ಓಡುವುದು ನಿಲ್ಲುತ್ತದೆ. ಕಾಲುಂಗುರ ತೆಗೆಯೋಕೆ ಹಿಂಜರಿಯಬೇಡಿ ತಾಯಿ. ಜೀವ ಉಳಿದರೆ ಮತ್ತೆ ಹಾಕಿಕೊಳ್ಳಬಹುದು.

ಹಗ್ಗ ಬಿಗಿದು ಕಟ್ಟಬೇಡಿ. ಬ್ಲೇಡಿನಲ್ಲಿ ಕೊಯ್ಯಬೇಡಿ. ಬಾಯಿಂದ ಹೀರಬೇಡಿ. ಮಂತ್ರ, ಬೇರು ಅಂತ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಾವಿನ ವಿಷಕ್ಕೆ ಔಷಧಿ ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ಕುದುರೆಯ ರಕ್ತದಿಂದ ಅದನ್ನು ತಯಾರಿಸುತ್ತಾರೆ. ಹಾವನ್ನು ಹಿಡಿದು ತರಬೇಕಾಗಿಲ್ಲ. ಈ ನಾಲ್ಕೂ ಹಾವುಗಳ ವಿಷಕ್ಕೆ ಅದೇ ಔಷಧಿ ಕೊಡುತ್ತಾರೆ.

2024ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿತು. ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಬೇಕು. ಎಷ್ಟು ಜನಕ್ಕೆ, ಎಲ್ಲಿ ಕಚ್ಚುತ್ತಿದೆ ಅಂತ ಗೊತ್ತಾದರೆ ತಾನೇ ಔಷಧಿ ಅಲ್ಲಿಗೆ ಕಳಿಸೋಕೆ ಆಗುವುದು?

ಅಪಾಯ 3: ನಿಂತ ನೀರು

ಹಿತ್ತಿಲಲ್ಲಿ ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೆಯ ಟೈರು ಬಿದ್ದಿರುತ್ತವೆ. ಮಳೆ ಬಂದರೆ ನೀರು ನಿಲ್ಲುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲೂ ನಿಲ್ಲುತ್ತದೆ. ಡೆಂಗಿ ಜ್ವರ ತರುವ ಸೊಳ್ಳೆ ಇಂಥ ಕಡೆಯೇ ಮೊಟ್ಟೆ ಇಡುತ್ತದೆ. ಅದಕ್ಕೆ ಕೊಳಚೆ ಬೇಕಾಗಿಲ್ಲ, ತಿಳಿ ನೀರೇ ಸಾಕು. ಅದು ಹಗಲು ಹೊತ್ತು ಕಚ್ಚುತ್ತದೆ.

ಮೊಟ್ಟೆ ಸೊಳ್ಳೆಯಾಗೋಕೆ ಸುಮಾರು 7ರಿಂದ 10 ದಿನ ಬೇಕು. ಅದಕ್ಕೇ ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮ ಬೀದಿಯಲ್ಲಿ ಶುಕ್ರವಾರ ಅಂತ ಮಾಡಿದ್ದೇವೆ. ಬಾಗಿಲು ಸಾರಿಸಿ ರಂಗೋಲಿ ಹಾಕಿದ ಮೇಲೆ ಹಿತ್ತಿಲಿಗೆ ಹೋಗುತ್ತೇವೆ. ಚಿಪ್ಪು, ಮಡಕೆ ಬೋರಲು ಹಾಕುತ್ತೇವೆ. ನೀರು ತುಂಬುವ ತೊಟ್ಟಿಯನ್ನು ಖಾಲಿ ಮಾಡಿ ಉಜ್ಜಿ ತೊಳೆಯುತ್ತೇವೆ. ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡಿರುತ್ತದೆ.

ಬಚ್ಚಲ ನೀರು ಬಾಳೆಗೆ ಬಿಡಿ, ಒಳ್ಳೆಯದು. ಆದರೆ ಅದು ಗುಂಡಿಯಾಗಿ ನಿಲ್ಲಬಾರದು. ಮಣ್ಣಲ್ಲಿ ಇಂಗುವ ಹಾಗೆ ಕಾಲುವೆ ಮಾಡಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಚ್ಚಲ ನೀರು ಬೇಡ.

ಅಪಾಯ 4: ಗಿಡದಲ್ಲೇ ಇರುವ ವಿಷ

ಎಲ್ಲ ಗಿಡವೂ ತಿನ್ನೋಕೆ ಅಲ್ಲ. ಕಣಗಿಲೆ ದೇವರಿಗೆ ಏರಿಸುವ ಹೂವು. ಆದರೆ ಅದರ ಎಲೆ, ಹೂವು, ಬೀಜ ಎಲ್ಲ ವಿಷ. ದತ್ತೂರಿ ಕಾಯಿ ವಿಷ. ಹರಳು ಬೀಜ ನೋಡೋಕೆ ಚೆಂದ, ಜಗಿದು ನುಂಗಿದರೆ ವಿಷ. ಮಕ್ಕಳು ಬೀಜ ಆಯ್ದು ಆಡುತ್ತಾರೆ, ಬಾಯಿಗೆ ಹಾಕುತ್ತಾರೆ. ಇವು ನಿಮ್ಮ ಬೇಲಿಯಲ್ಲಿದ್ದರೆ ಮಕ್ಕಳಿಗೆ ತೋರಿಸಿ, ಹೇಳಿಕೊಡಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಸೋರೆಕಾಯಿ ಕೆಲವು ಸಲ ಕಹಿ ಇರುತ್ತದೆ. ಹೆಚ್ಚುವಾಗ ಒಂದು ಸಣ್ಣ ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದುಬಿಡಿ, ಕಾಯಿ ಎಸೆಯಿರಿ. "ಬೆಳೆದಿದ್ದು ಹಾಳಾಗುತ್ತೆ" ಅಂತ ಬೆಲ್ಲ, ಹುಣಸೆಹುಳಿ ಹಾಕಿ ಬೇಯಿಸಬೇಡಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ವಾಂತಿ ಭೇದಿ ಆಗುತ್ತದೆ, ರಕ್ತವಾಂತಿಯೂ ಆಗಬಹುದು. ಹಾಗಲಕಾಯಿಯ ಕಹಿ ಬೇರೆ, ಸೋರೆಯ ಕಹಿ ಬೇರೆ.

ಬೇಲಿ ಪಕ್ಕದ ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕೀಳಬೇಡಿ. ತುರಿಕೆ ಬರುತ್ತದೆ. ಕೆಲವರಿಗೆ ಉಬ್ಬಸವೂ ಬರುತ್ತದೆ. ಹೂ ಬಿಡುವ ಮೊದಲೇ, ಕೈಗೆ ಕವರ್ ಕಟ್ಟಿಕೊಂಡು ಬೇರು ಸಮೇತ ಕೀಳಿ.

ಅಪಾಯ 5: ಬಾಟ್ಲಿ

ಈಗ ಆ ಅಕ್ಕನ ಕಥೆ. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ಬದನೆ ಗಿಡ ನಾಲ್ಕು ಹಾಕಿದ್ದೆ. ಕಾಯಿಗೆಲ್ಲ ಹುಳ ಬಿತ್ತು. ಕುಯ್ದ ಕಾಯೆಲ್ಲ ತೂತು. ಸಿಟ್ಟು ಬಂತು. ನಮ್ಮನೆಯವರು ಅಂಗಡೀಲಿ ಔಷಧಿ ತಂದ್ರು. ನಾಲ್ಕು ಗಿಡಕ್ಕೆ ದೊಡ್ಡ ಡಬ್ಬ ಯಾಕೆ ಅಂತ ಅಂಗಡಿಯವನು ತಂಪು ಪಾನೀಯದ ಬಾಟ್ಲಿಗೆ ಸುರಿದು ಕೊಟ್ಟಿದ್ದ. ಸ್ವಲ್ಪ ಹೊಡೆದೆ. ಮಿಕ್ಕಿದ್ದನ್ನ ಅಡಿಗೆಮನೆ ಗೂಡಲ್ಲಿ ಉಪ್ಪಿನ ಡಬ್ಬಿ ಹಿಂದೆ ಇಟ್ಟೆ.

"ಮಗನಿಗೆ ಆಗ ಮೂರು ವರ್ಷ. ಆಟ ಆಡಿ ಬಂದಿದ್ದ, ಬಾಯಾರಿತ್ತು. ಬಾಟ್ಲಿ ಗುರುತು ಹಿಡಿದ. ಜಾತ್ರೇಲಿ ಕುಡಿದಿದ್ದ ಅಂಥದ್ದನ್ನ. ಸ್ಟೂಲು ಹತ್ತಿ ತಗೊಂಡು ಒಂದು ಗುಟುಕು ಕುಡಿದ. ನಾನು ಹಿತ್ತಿಲಲ್ಲಿ ಕೋಳಿ ಓಡಿಸ್ತಾ ಇದ್ದೆ. ಒಳಗೆ ಬಂದು ನೋಡಿದರೆ ಬಾಯಲ್ಲಿ ನೊರೆ.

"ಆಟೋದಲ್ಲಿ ಹೊತ್ಕೊಂಡು ಹೋದ್ವಿ. ಡಾಕ್ಟರು ಕೇಳಿದ್ರು, ಯಾವ ಔಷಧಿ ಅಂತ. ನಮಗೆ ಗೊತ್ತಿಲ್ಲ. ಬಾಟ್ಲಿ ಮೇಲೆ ಹಣ್ಣಿನ ಚಿತ್ರ ಇತ್ತು. ಒಂಬತ್ತು ದಿನ ಆಸ್ಪತ್ರೇಲಿ ಇದ್ದ. ಬದುಕಿದ. ದೇವರು ದೊಡ್ಡೋನು.

"ಆ ಬಾಟ್ಲಿ ಮೇಲೆ ವಿಷ ಅಂತ ಬರೆದಿರಲಿಲ್ಲ ಟೀಚರಮ್ಮ. ಬರೆದಿದ್ರೂ ಓದೋಕೆ ನನಗೆ ಬರ್ತಿರಲಿಲ್ಲ. ಅದು ರಾತ್ರಿಯೆಲ್ಲ ಕೊರೀತಿತ್ತು. ಅದಕ್ಕೇ ನಾನು ಇಲ್ಲಿಗೆ ಬಂದಿದ್ದು."

ಅಕ್ಕಂದಿರೇ, ಇದು ಒಂದು ಮನೆಯ ಕಥೆ ಅಲ್ಲ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಆ ವಿಷವನ್ನು ತರಕಾರಿಗೆ ಹೊಡೆಯಬಾರದು ಅಂತ ನಮ್ಮ ದೇಶದಲ್ಲಿ 2005ರಲ್ಲೇ ನಿಷೇಧ ಮಾಡಿದ್ದರು. ಆದರೂ ಅದು ಮಕ್ಕಳ ತಟ್ಟೆಗೆ ಬಂತು. ವಿಷ ಮತ್ತು ಅಡಿಗೆ ಸಾಮಾನು ಹತ್ತಿರ ಬರಬಾರದು. ಬಂದರೆ ಹೀಗಾಗುತ್ತದೆ.

ಇನ್ನೊಂದು ಲೆಕ್ಕ ನೋಡಿ. ಹೊಲದಲ್ಲಿ ಔಷಧಿ ಹೊಡೆದರೆ ಇಂತಿಷ್ಟು ದಿನ ಕೊಯ್ಯಬಾರದು ಅಂತ ನಿಯಮ ಇದೆ. ನಾವು ಹಿತ್ತಿಲಲ್ಲಿ ಹಾಗೆ ಕಾಯುತ್ತೇವಾ? ಇಲ್ಲ. ಒಲೆ ಮೇಲೆ ಬೇಳೆ ಇಟ್ಟು, ಹೋಗಿ ಸೊಪ್ಪು ಕುಯ್ದು ತರುತ್ತೇವೆ. ಸಂಜೆ ಹೊಡೆದ ವಿಷ ಬೆಳಗ್ಗೆ ಸಾರಿನಲ್ಲಿ ಇರುತ್ತದೆ. ಅದಕ್ಕೇ ನಮ್ಮ ತೀರ್ಮಾನ ಇಷ್ಟು: ಹೊಲದ ವಿಷ ಹಿತ್ತಿಲಿಗೆ ಬೇಡ. ತೂತು ಬಿದ್ದ ಬದನೆಕಾಯಿ ಕಿತ್ತು ಗುಂಡಿಗೆ ಹಾಕಿ ಮುಚ್ಚಿ. ಬಾಡಿದ ಕುಡಿ ಚಿವುಟಿ. ನಾಲ್ಕು ಕಾಯಿ ಹೋದರೆ ಹೋಗಲಿ.

ಹೊಲಕ್ಕೆಂದು ಔಷಧಿ ತರಲೇಬೇಕಾದರೆ ಇಷ್ಟು ಮಾಡಿ.

ಸೀಲು ಇರುವ ಡಬ್ಬವನ್ನೇ ತನ್ನಿ. ಬೇರೆ ಬಾಟ್ಲಿಗೆ ಸುರಿದು ಮಾರುವುದು ಕಾನೂನಿಗೆ ವಿರುದ್ಧ. ಅಂಥದ್ದನ್ನು ತಗೊಳ್ಳಬೇಡಿ. ನೀವೂ ಬೇರೆ ಬಾಟ್ಲಿಗೆ ಸುರಿಯಬೇಡಿ.

ಡಬ್ಬದ ಮೇಲೆ ಗಾಳಿಪಟದ ಆಕಾರದ ಗುರುತು ನೋಡಿ. ಅದರ ಕೆಳಗಿನ ಅರ್ಧದಲ್ಲಿ ಬಣ್ಣ ಇರುತ್ತದೆ. ಕೆಂಪು ಅಂದರೆ ಅತಿ ಘೋರ ವಿಷ. ಅದರ ಮೇಲೆ ತಲೆಬುರುಡೆ ಚಿತ್ರವೂ ಇರುತ್ತದೆ. ಹಳದಿ ಅಂದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ನೀಲಿ. ಆಮೇಲೆ ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತ ಅಲ್ಲ. ಅದೂ ವಿಷವೇ.

ಡಬ್ಬವನ್ನು ಅಡಿಗೆಮನೆಯಲ್ಲಿ ಇಡಬೇಡಿ. ಮಲಗುವ ಕಡೆ ಇಡಬೇಡಿ. ಹೊರಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಖಾಲಿ ಡಬ್ಬದಲ್ಲಿ ಎಣ್ಣೆ, ನೀರು, ಕಾಳು ತುಂಬಬೇಡಿ. ಎಷ್ಟು ತೊಳೆದರೂ ಅದು ವಿಷದ ಡಬ್ಬವೇ. ತೂತು ಮಾಡಿಬಿಡಿ, ಯಾರೂ ಮತ್ತೆ ಬಳಸಬಾರದು.

ಯಾರಾದರೂ ವಿಷ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸೋಪು ನೀರಲ್ಲಿ ತೊಳೆಯಿರಿ. ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಆ ಡಬ್ಬವನ್ನೂ ಜೊತೆಗೆ ತಗೊಂಡು ಹೋಗಿ. ಯಾವ ವಿಷ ಅಂತ ಡಾಕ್ಟರಿಗೆ ಗೊತ್ತಾದರೆ ಚಿಕಿತ್ಸೆ ಬೇಗ ಆಗುತ್ತದೆ.

ಆ ಅಕ್ಕನ ಮಗ ಈಗ ನಮ್ಮ ಶಾಲೆಯಲ್ಲೇ ಒಂದನೇ ತರಗತಿ ಓದುತ್ತಿದ್ದಾನೆ. ಅಕ್ಕ ಮತ್ತೆ ಬದನೆ ಹಾಕಿದ್ದಾರೆ. ಹುಳುವೂ ಮತ್ತೆ ಬಂದಿದೆ. ಅವರು ಬೆಳಗ್ಗೆ ಎದ್ದು ಹುಳು ಬಿದ್ದ ಕಾಯಿ ಕಿತ್ತು ಹಾಕುತ್ತಾರೆ. "ಹುಳ ಅದರ ಪಾಲು ತಿಂದ್ಕೊಳ್ಳಲಿ ಬಿಡಿ ಟೀಚರಮ್ಮ" ಅನ್ನುತ್ತಾರೆ. ಆದರೆ ಮನೆಗೆ ಯಾವ ಬಾಟ್ಲಿ ಬಂದರೂ ಮೊದಲು ಕೈಗೆ ತಗೊಂಡು ಮೇಲಿನ ಚೀಟಿ ಓದುತ್ತಾರೆ. ಅಕ್ಷರ ಅಕ್ಷರ ಕೂಡಿಸಿ, ನಿಧಾನವಾಗಿ. ಓದಿ ಮುಗಿಯುವವರೆಗೆ ಅದನ್ನು ಒಳಗೆ ಇಡುವುದಿಲ್ಲ.

ನೆನಪಿಡಿ

ಹಿತ್ತಿಲಿಗೆ ಚಪ್ಪಲಿ ಹಾಕಿ ಇಳಿಯಿರಿ.
ಸೌದೆಗೆ ಕೈ ಹಾಕುವ ಮೊದಲು ಕೋಲಿಂದ ತಟ್ಟಿ.
ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ, ಉಜ್ಜಿ ತೊಳೆಯಿರಿ.
ಕಹಿ ಸೋರೆಕಾಯಿ ಎಸೆಯಿರಿ.
ಹೊಲದ ವಿಷ ಹಿತ್ತಿಲಿಗೆ ಬೇಡ, ಅಡಿಗೆಮನೆಗೆ ಬೇಡವೇ ಬೇಡ.

ನೀವೇ ಮಾಡಿ

1. ನಾಳೆ ಬೆಳಗ್ಗೆ ನಿಮ್ಮ ಹಿತ್ತಿಲನ್ನು ಒಂದು ಸುತ್ತು ಸುತ್ತಿ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಕಾಟ, ಬಲಗಡೆ ಅಪಾಯ. ಕಂಡದ್ದನ್ನು ಬರೆಯಿರಿ. ಬಲಗಡೆಯ ಒಂದನ್ನಾದರೂ ಅದೇ ದಿನ ಸರಿ ಮಾಡಿ.

2. ಮನೆಯಲ್ಲಿರುವ ಬಾಟ್ಲಿ, ಡಬ್ಬಗಳ ಮೇಲಿನ ಹೆಸರು ಓದಿ. ಹೆಸರು ಇಲ್ಲದ್ದು ಎಷ್ಟಿವೆ?

3. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು? ಹಾವು ಕಚ್ಚಿದರೆ ಔಷಧಿ ಅಲ್ಲಿ ಇದೆಯಾ? ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದು, ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಪಕ್ಕದಲ್ಲಿ 108 ಅಂತಲೂ ಬರೆಯಿರಿ.